ಬೆಂಗಳೂರು–ದೆಹಲಿ: ವಿಮಾನದಲ್ಲಿ ನಿಜಕ್ಕೂ ಎಷ್ಟು ಹೊತ್ತು?

ಪ್ರಶ್ನೆ: ದೂರ ಸುಮಾರು 1,700 ಕಿ.ಮೀ. ವಿಮಾನದ ವೇಗ ಗಂಟೆಗೆ 830 ಅಂದ್ರೆ ಎರಡು ಗಂಟೆ ಸಾಕಲ್ವಾ? ಟಿಕೆಟ್‌ನಲ್ಲಿ 2 ಗಂಟೆ 50 ನಿಮಿಷ ಯಾಕೆ?

ಉತ್ತರ 1: ಆ 830 ಮೇಲೇರಿದ ಮೇಲಿನ ವೇಗ ಸರ್. ಏರುವಾಗ, ಇಳಿಯುವಾಗ ಅಷ್ಟಿರಲ್ಲ. ಟಿಕೆಟ್‌ನ ಸಮಯ ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನದು. ರನ್‌ವೇಗೆ ಹೋಗುವುದು, ಸರದಿ ಕಾಯುವುದು ಎಲ್ಲ ಅದರಲ್ಲೇ ಸೇರಿದೆ.

ಉತ್ತರ 2: ಎರಡೂ ಊರು ಹೆಚ್ಚುಕಡಿಮೆ 77 ಡಿಗ್ರಿ ಪೂರ್ವ ರೇಖಾಂಶದಲ್ಲೇ ಇವೆ. ಹಾಗಾಗಿ ಪಶ್ಚಿಮದ ಗಾಳಿಯಿಂದ ಹೋಗುವ, ಬರುವ ಹೊತ್ತಿನಲ್ಲಿ ದೊಡ್ಡ ವ್ಯತ್ಯಾಸ ಬೀಳಲ್ಲ. ಡಿಸೆಂಬರ್–ಜನವರಿಯ ದೆಹಲಿ ಮಂಜು ಮಾತ್ರ ಬೇರೆ ಲೆಕ್ಕ. ಬೆಳಗಿನ ಜಾವ ಇಳಿಯುವ ವಿಮಾನ ಬೇಡ, ಮಧ್ಯಾಹ್ನದ್ದು ಹಿಡಿಯಿರಿ.

ಉತ್ತರ 3: ಬ್ಯಾಗೇಜ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತೆ. ಹೆಬ್ಬಾಳದ ಟ್ರಾಫಿಕ್ ಲೆಕ್ಕಕ್ಕೆ ಇಟ್ಕೊಂಡು ಹೊರಡಿ, ಟರ್ಮಿನಲ್ 1ಓ 2ಓ ನೋಡ್ಕೊಳ್ಳಿ.