ಅಪ್‌ಡೇಟ್: ಉಚಿತ ಟಿಕೆಟ್ ಕೊನೆಗೂ ಸಿಕ್ಕಿತು

ಸಿನಿಮಾ, ಸಂಗೀತ ಕಾರ್ಯಕ್ರಮಗಳ ಉಚಿತ ಟಿಕೆಟ್ ಸ್ಪರ್ಧೆಗಳಲ್ಲಿ ನಿಜವಾಗಿಯೂ ಯಾರಾದರೂ ಗೆಲ್ಲುತ್ತಾರೆಯೇ ಎಂದು ಹಿಂದೆ ಕೇಳಿದ್ದೆ. ಗೆಲ್ಲುತ್ತಾರೆ. ನಾನೇ ಎರಡು ಬಾರಿ ಗೆದ್ದೆ!

ನೀವು ಹೇಳಿದಂತೆ, ಎಲ್ಲರೂ ಮುಗಿಬೀಳುವ ದೊಡ್ಡ ಸ್ಪರ್ಧೆಗಳನ್ನು ಬಿಟ್ಟು ರೇಡಿಯೊ ಮತ್ತು ಚಿಕ್ಕ ಸಭಾಂಗಣಗಳವರು ನಡೆಸುವ ಸ್ಪರ್ಧೆಗಳತ್ತ ಹೊರಳಿದೆ.

ಮೊದಲ ಗೆಲುವು ಮಾತ್ರ ಕೈಗೆ ಬಂದೂ ಜಾರಿತು. ಅದು ಬಿಡುಗಡೆಗೆ ಮುಂಚಿನ ಪ್ರದರ್ಶನದ ಪಾಸ್. ಬಾರದವರ ಲೆಕ್ಕ ಹಿಡಿದು ಆಸನಗಳಿಗಿಂತ ಹೆಚ್ಚು ಪಾಸ್ ಹಂಚುವುದುಂಟು. ಮೊದಲು ಬಂದವರಿಗಷ್ಟೇ ಜಾಗ. ಪಾಸಿನ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅದು ಮುದ್ರಿತವಾಗಿತ್ತು, ನಾನು ಓದಿರಲಿಲ್ಲ. ಹತ್ತು ನಿಮಿಷ ಮುಂಚೆ ಹೋದರೂ ಕಣ್ಣೆದುರೇ ಬಾಗಿಲು ಮುಚ್ಚಿತು. ಬಹಳ ನೊಂದುಕೊಂಡೆ.

ಎರಡನೆಯದು ಸಂಗೀತ ಕಾರ್ಯಕ್ರಮ. ಗುರುತಿನ ಚೀಟಿ ಹಿಡಿದು ಒಂದು ಗಂಟೆ ಮುಂಚೆಯೇ ಸಾಲಿನಲ್ಲಿ ನಿಂತೆ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗುರುತು ಬಿದ್ದಾಗ ಎದೆ ಹಗುರಾಯಿತು. ಮೂರನೆಯ ಸಾಲು! ಗಿಟಾರ್ ತಂತಿಯ ಮೇಲೆ ಬೆರಳು ಜಾರುವ ಸದ್ದೂ ಕೇಳಿಸುತ್ತಿತ್ತು.

ಅಂದಹಾಗೆ, ‘ನೀವು ಗೆದ್ದಿದ್ದೀರಿ’ ಎಂದು ಓಟಿಪಿ ಕೇಳುವ ಸಂದೇಶವೂ ಬಂದಿತ್ತು, ನಾನು ಭಾಗವಹಿಸದೇ ಇದ್ದ ಸ್ಪರ್ಧೆಯ ಹೆಸರಿನಲ್ಲಿ. ತಕ್ಷಣ ಅಳಿಸಿದೆ. ದಯವಿಟ್ಟು ನೀವೂ ಓಟಿಪಿ ಕೊಡಬೇಡಿ.