ಕಂಪನಿಗೆ ದಂಡ ಬಿದ್ದಿದೆ, ಮಾತ್ರೆ ಬಿಡಬೇಕಾ?

ಪ್ರಶ್ನೆ: ನಾವಿರುವುದು ಅಮೆರಿಕದಲ್ಲಿ. ನಮ್ಮ ಯಜಮಾನರಿಗೆ 46 ವರ್ಷ, ಖಿನ್ನತೆಗೆ ಪ್ಯಾಕ್ಸಿಲ್ ತಗೊಳ್ತಿದ್ದಾರೆ. ಅದರ ಕಂಪನಿ ಗ್ಲಾಕ್ಸೋಸ್ಮಿತ್‌ಕ್ಲೈನ್ 2012ರಲ್ಲಿ 300 ಕೋಟಿ ಡಾಲರ್ ಕಟ್ಟಿತು ಅಂತ ಓದಿ, ನಾಳೆಯಿಂದಲೇ ಬಿಡ್ತೀನಿ ಅಂತಿದ್ದಾರೆ. ಔಷಧಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಮೇಲೂ ನಂಬಿಕೆ ಇಲ್ಲ. ನಾವೇ ಪರಿಶೀಲಿಸೋದು ಹೇಗೆ?

ಉತ್ತರ 1: ಮೊದಲು, ನಾಳೆಯೇ ಬಿಡೋದು ಬೇಡ. ಈ ಔಷಧ ದೇಹದಿಂದ ಬೇಗ ಇಳಿಯುತ್ತೆ, ಸುಮಾರು 21 ಗಂಟೆಯಲ್ಲಿ ಅರ್ಧ ಖಾಲಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನೋದು ಎಲ್ಲ ಬರಬಹುದು. ಕಾಯಿಲೆ ಮರುಕಳಿಸಿತು ಅಂತ ಜನ ಗಾಬರಿಯಾಗೋದು ಇಲ್ಲೇ. ಬಿಡಲೇಬೇಕು ಅಂದರೆ ಬರೆದುಕೊಟ್ಟ ಡಾಕ್ಟರ ಜೊತೆ ಕೂತು ಹಂತಹಂತವಾಗಿ ಇಳಿಸಿ. ಕೊನೆಯ ಸಣ್ಣ ಡೋಸುಗಳೇ ಕಷ್ಟ. ಅದಕ್ಕೆ 5 ಎಂಎಲ್‌ಗೆ 10 ಎಂಜಿ ಇರುವ ದ್ರವರೂಪ ಕೇಳಿ, ಅಳೆಯೋಕೆ ಸುಲಭ. ಸಿಆರ್ ಅಂತ ಬರೆದ ಮಾತ್ರೆಯನ್ನು ಮಾತ್ರ ಮುರಿಯಬೇಡಿ. ನಿಧಾನಕ್ಕೆ ಬಿಡುಗಡೆಯಾಗಬೇಕಾದ್ದು ಒಟ್ಟಿಗೇ ಇಳಿದುಬಿಡುತ್ತೆ.

ಉತ್ತರ 2: ದಂಡ ಯಾಕೆ ಬಿತ್ತು ಅನ್ನೋದನ್ನ ಓದಿ. ಮೊತ್ತ ನೋಡಿ ಏನೂ ಗೊತ್ತಾಗಲ್ಲ. ಪ್ಯಾಕ್ಸಿಲ್ ವಿಷಯದಲ್ಲಿ ಕಂಪನಿ ಒಪ್ಪಿಕೊಂಡ ತಪ್ಪು, 18ರೊಳಗಿನ ಮಕ್ಕಳಿಗೆ ಒಪ್ಪಿಗೆಯೇ ಇಲ್ಲದ ಔಷಧವನ್ನು ಅವರಿಗಾಗಿ ಪ್ರಚಾರ ಮಾಡಿದ್ದು. ಅದೇ ಮೊತ್ತದಲ್ಲಿ ಕಂಪನಿಯ ಬೇರೆ ಔಷಧಗಳಾದ ವೆಲ್‌ಬ್ಯೂಟ್ರಿನ್, ಅವಾಂಡಿಯಾ ಪ್ರಕರಣಗಳೂ ಸೇರಿವೆ. ಪ್ಯಾಕ್ಸಿಲ್ ಬಗ್ಗೆ ಕಂಪನಿಯೇ ಮಾಡಿಸಿದ 329 ಸಂಖ್ಯೆಯ ಅಧ್ಯಯನದಲ್ಲಿ 275 ಹದಿಹರೆಯದವರಿದ್ದರು. ಅದರ ಬಗ್ಗೆ ಬಂದ 2001ರ ಲೇಖನ ಔಷಧ ಪರಿಣಾಮಕಾರಿ ಅಂದಿತು. ಮೂಲ ದಾಖಲೆಗಳನ್ನು ಮತ್ತೆ ಲೆಕ್ಕ ಹಾಕಿದ 2015ರ ಬಿಎಂಜೆ (ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ) ಲೇಖನ ಪರಿಣಾಮವೂ ಇಲ್ಲ, ಸುರಕ್ಷಿತವೂ ಅಲ್ಲ ಅಂದಿತು. ನಿಮ್ಮ ಯಜಮಾನರದು ನ್ಯಾಯವಾದ ಸಿಟ್ಟೇ. ಆದರೆ 46ರವರ ಡೋಸಿಗೆ ಆ ಪ್ರಕರಣ ಉತ್ತರ ಕೊಡಲ್ಲ.

ನ್ಯಾಯ ಇಲಾಖೆಯ ಪ್ರಕಟಣೆಯಲ್ಲಿ ‘ತಪ್ಪೊಪ್ಪಿಗೆ’ ಎಲ್ಲಿದೆ, ‘ಆರೋಪ ಮಾತ್ರ, ಹೊಣೆ ನಿರ್ಧಾರವಾಗಿಲ್ಲ’ ಎಲ್ಲಿದೆ ಬೇರೆಬೇರೆ ಗುರುತು ಹಾಕಿ. ಪತ್ರಿಕೆಗಳು ಎರಡನ್ನೂ ಕಲಸಿಬಿಡ್ತವೆ.

ಉತ್ತರ 3: ಔಷಧಗಳ ಲೇಬಲ್ ಇಟ್ಟಿರುವ ಅಮೆರಿಕ ಸರ್ಕಾರದ ತಾಣ ಡೈಲಿಮೆಡ್‌ನಲ್ಲಿ ಔಷಧದ ಹೆಸರು ಹಾಕಿ ಪೂರ್ತಿ ಲೇಬಲ್ ತೆಗೀರಿ. ಮೇಲ್ಗಡೆ ಚೌಕಟ್ಟಿನ ಎಚ್ಚರಿಕೆ, 5ನೇ ಭಾಗದಲ್ಲಿ ಅಪಾಯಗಳು, 14ರಲ್ಲಿ ಒಪ್ಪಿಗೆಗೆ ಆಧಾರವಾದ ಪ್ರಯೋಗಗಳು. ಆಮೇಲೆ ಔಷಧ ಪ್ರಯೋಗಗಳನ್ನು ದಾಖಲಿಸುವ ಕ್ಲಿನಿಕಲ್‌ಟ್ರಯಲ್ಸ್ ನೋಂದಣಿಯಲ್ಲಿ ಆಯಾ ಪ್ರಯೋಗದ ಹಳೆಯ ಆವೃತ್ತಿ ತೆರೆದು, ಮೊದಲು ಬರೆದ ಮುಖ್ಯ ಗುರಿಯೂ (ಏನನ್ನು ಅಳೆಯುತ್ತೇವೆ ಅನ್ನೋದು) ಕೊನೆಗೆ ಪ್ರಕಟಿಸಿದ್ದೂ ಒಂದೇನಾ ನೋಡಿ. ಗುರಿ ನಡುವೆ ಬದಲಾಗಿದ್ದರೆ ಅನುಮಾನಪಡಿ. ಈ ನೋಂದಣಿ ಶುರುವಾದದ್ದೇ 2000ರಲ್ಲಿ, ಹಾಗಾಗಿ ತೀರಾ ಹಳೆಯ ಔಷಧಕ್ಕೆ ಹೆಚ್ಚು ಸಿಗಲ್ಲ.

ಎಫ್‌ಡಿಎಗೆ ಬಂದ ಅಡ್ಡಪರಿಣಾಮದ ದೂರುಗಳ ಸಂಖ್ಯೆ ಹಿಡಿದು ತೀರ್ಮಾನಿಸಬೇಡಿ. ಯಾರು ಬೇಕಾದರೂ ಕಳಿಸಬಹುದು. ಔಷಧದಿಂದಲೇ ಆಯ್ತು ಅಂತ ಅದರಿಂದ ಸಾಬೀತಾಗಲ್ಲ, ಎಷ್ಟು ಜನ ನುಂಗಿದರು ಅನ್ನೋ ಲೆಕ್ಕವೂ ಅಲ್ಲಿಲ್ಲ.

ಉತ್ತರ 4: ಎಫ್‌ಡಿಎ ಬಗ್ಗೆ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 1992ರ ಕಾಯ್ದೆಯಿಂದ ಅರ್ಜಿ ಪರಿಶೀಲನೆಗೆ ಕಂಪನಿಗಳೇ ಶುಲ್ಕ ಕಟ್ತವೆ. ಆದರೆ ನಿಮ್ಮ ಡಾಕ್ಟರಿಗೆ ಕಂಪನಿಗಳಿಂದ ಹಣ ಸಂದಾಯವಾಗಿದೆಯಾ ಅನ್ನೋದೂ ಸರ್ಕಾರದ್ದೇ ಓಪನ್ ಪೇಮೆಂಟ್ಸ್ ತಾಣದಲ್ಲಿ ಸಿಗುತ್ತೆ: ಹೆಸರು, ಊರು ಹಾಕಿ, ಊಟದ ಬಿಲ್ಲು ಬಿಟ್ಟು ಭಾಷಣ ಮತ್ತು ಸಲಹೆಯ ಶುಲ್ಕದ ಸಾಲು ನೋಡಿ. ಅಲ್ಲಿ ದೊಡ್ಡ ಮೊತ್ತ ಕಂಡರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ತಗೊಳ್ಳಿ. ಅಲ್ಲಿಯವರೆಗೂ ಡೋಸ್ ಈಗಿರುವಷ್ಟೇ ಇರಲಿ.