ಅಪ್‌ಡೇಟ್: ನೈಟ್ರಸ್ ಒತ್ತಿದರೆ ಮುಗ್ಗರಿಸುತ್ತಿದ್ದ ಕಾರು

ಮರೆತವರಿಗಾಗಿ: ರೇಸ್‌ಗೆಂದೇ ಇಟ್ಟಿರುವ ನನ್ನ ಹಳೆಯ ಪೆಟ್ರೋಲ್ ಕಾರು ಮಾಮೂಲಿ ಓಟದಲ್ಲಿ ಸರಿಯಾಗಿತ್ತು, ನೈಟ್ರಸ್ (ಎಂಜಿನ್ನಿಗೆ ಕ್ಷಣಕಾಲ ಹೆಚ್ಚು ಬಲ ಕೊಡುವ ಅನಿಲ) ಗುಂಡಿ ಒತ್ತಿದೊಡನೆ ಎಂಜಿನ್ ಕಟಕಟ ಬಡಿಯುತ್ತಿತ್ತು. ಹೆಚ್ಚಿನವರು ಪೆಟ್ರೋಲ್ ಜೆಟ್ (ನೈಟ್ರಸ್ ಜೊತೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ನಿರ್ಧರಿಸುವ ಸಣ್ಣ ತೂತಿನ ಬಿಡಿಭಾಗ) ದೊಡ್ಡದು ಮಾಡಲು ಹೇಳಿದ್ದಿರಿ. ಒಬ್ಬರು ಮಾತ್ರ ಮೊದಲು ಪೆಟ್ರೋಲ್ ಒತ್ತಡ ಅಳೆಯಿರಿ ಎಂದಿದ್ದರು. ಗೆದ್ದದ್ದು ಅವರೇ.

ನೈಟ್ರಸ್ ಎಂಜಿನ್ನಿನ ಸಿಲಿಂಡರ್ ಒಳಗಿನ ಶಾಖಕ್ಕೆ ಒಡೆದು ಹೆಚ್ಚುವರಿ ಆಮ್ಲಜನಕ ಕೊಡುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬರದಿದ್ದರೆ ಪಿಸ್ಟನ್ ಕರಗಲೂಬಹುದು. ಹಾಗಾಗಿ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನ ಮೆಕ್ಯಾನಿಕ್ ನೈಟ್ರಸ್ ಬಾಟಲಿ ಮುಚ್ಚಿ, ಎಂಜಿನ್ ಆರಿಸಿಯೇ ಪರೀಕ್ಷೆಗಿಳಿದರು. ಪೆಟ್ರೋಲ್ ಕೊಳವೆಯನ್ನು ನಾಝಲ್‌ನಿಂದ ಬಿಡಿಸಿ, ಜೆಟ್ ಸಮೇತ ಡಬ್ಬಿಯೊಳಗಿಟ್ಟು ಪಂಪ್ ಓಡಿಸಿದರು. ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ ಪೆಟ್ರೋಲ್ ಕವಾಟ) ಮುಚ್ಚಿದ್ದಾಗ 3 ಬಾರ್ ತೋರಿಸುತ್ತಿದ್ದ ಗೇಜ್, ತೆರೆದ ಕೂಡಲೇ 2ಕ್ಕಿಂತ ಕೆಳಗೆ ಜಾರಿತು. ಹೊಸ ಫಿಲ್ಟರ್ ಹಾಕಿದರೂ ಅದೇ ಕಥೆ. ಆಮೇಲೆ ವೋಲ್ಟೇಜ್ ನೋಡಿದರು: ಬ್ಯಾಟರಿಯಲ್ಲಿ 12.4, ಪಂಪ್‌ನ ಬಾಯಲ್ಲಿ 9.8!

ಹಿಂದಿನ ಸೀಟಿನಡಿ ಪಂಪ್‌ನ ಅರ್ತ್ ವೈರ್ ಹಸಿರುಗಟ್ಟಿತ್ತು; ವಿದ್ಯುತ್ ಸಾಲದೆ ಪಂಪ್ ಸೊರಗುತ್ತಿತ್ತು. ಮಲೆನಾಡಿನ ಮಳೆಗಾಲ ಬಟ್ಟೆಯನ್ನೇ ಒಣಗಲು ಬಿಡುವುದಿಲ್ಲ, ತಾಮ್ರವನ್ನು ಬಿಟ್ಟೀತೇ?

ಬ್ಯಾಟರಿಯಿಂದ ಫ್ಯೂಸ್, ರಿಲೇ ಸಹಿತ ದಪ್ಪ ವೈರ್ ಎಳೆದು, ಅರ್ತ್ ಜಾಗವನ್ನು ಉಜ್ಜಿ ಹೊಸದಾಗಿ ಬಿಗಿದೆವು. ಈಗ ಸೊಲೆನಾಯ್ಡ್ ತೆರೆದರೂ ಮುಳ್ಳು 3ರ ಬಳಿಯೇ ನಿಲ್ಲುತ್ತದೆ. ಒತ್ತಡ ಕುಸಿದರೆ ನೈಟ್ರಸ್ ತಾನಾಗಿ ನಿಲ್ಲುವ ಸ್ವಿಚ್ ಕೂಡ ಹಾಕಿಸಿದ್ದೇನೆ. ಕಿಟ್ ಮಾರುವವರು ಇದನ್ನು ಐಚ್ಛಿಕ ಎನ್ನುವುದು ನನಗಂತೂ ಅರ್ಥವಾಗದ ವಿಷಯ. ಜೆಟ್ ಮುಟ್ಟಿಲ್ಲ. ಬೆಂಗಳೂರಿನಲ್ಲಿ ಡೈನೋ (ಕಾರಿನ ಬಲ ಅಳೆಯುವ ಯಂತ್ರ) ಮೇಲೆ ಏರಿಸುವವರೆಗೆ ಬಾಟಲಿ ಮುಚ್ಚಿಯೇ ಇರುತ್ತದೆ. ಹೊಸ ಪಂಪ್‌ಗೆಂದು ತೆಗೆದಿಟ್ಟಿದ್ದ ಹಣ ಟೈರಿಗೆ ಹೋಗುತ್ತದೆ.